ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಪುಟ್ಟ ಮಕ್ಕಳ ಕೈಕೆಲಸ: ಎಲೆ, ಬೀಜ, ಬಣ್ಣ ಮತ್ತು ಒಂದು ಬಿಳಿ ಪಂಚೆ

ನವೆಂಬರ್ ಎರಡನೇ ವಾರ ದಾಟಿತೆಂದರೆ ನಮ್ಮ ಮನೆಯ ಊಟದ ಮೇಜಿನ ಮೇಲೆ ತಟ್ಟೆ ಇಡಲು ಜಾಗ ಇರುವುದಿಲ್ಲ. ಒಂದು ಕಡೆ ಒಣ ಎಲೆ, ಇನ್ನೊಂದು ಕಡೆ ಗೋಂದಿನ ಬಾಟಲಿ, ಮಧ್ಯದಲ್ಲಿ ಅರ್ಧ ಕತ್ತರಿಸಿದ ಬಣ್ಣದ ಕಾಗದ. ಅಮೆರಿಕದ ನ್ಯೂಜೆರ್ಸಿಗೆ ಬಂದ ಹೊಸತರಲ್ಲಿ, ಸಿಕ್ಕಿದ್ದಕ್ಕೆಲ್ಲ ಕೃತಜ್ಞತೆ ಹೇಳುವ ಇಲ್ಲಿನ ಹಬ್ಬ ಥ್ಯಾಂಕ್ಸ್‌ಗಿವಿಂಗ್ ಅಂದರೆ ನಮಗೆ ನಾಲ್ಕು ದಿನದ ರಜೆ, ಶುಕ್ರವಾರದ ಸೇಲ್, ಅಷ್ಟೇ. ಮಗಳು ಹುಟ್ಟಿ ಶಾಲೆಗೆ ಹೋಗಲು ಶುರು ಮಾಡಿದ ಮೇಲೆ ಅದು ಮನೆಯೊಳಗೆ ಬಂತು. ಈಗ ಅವಳಿಗೆ ಏಳು ವರ್ಷ, ಮಗನಿಗೆ ನಾಲ್ಕು.

ಅವಳು ಮೂರು ವರ್ಷದವಳಿದ್ದಾಗ ಶಾಲೆಯಿಂದ ಕಾಗದದ ಎಲೆಯೊಂದು ಬಂತು. ನೀನು ಯಾವುದಕ್ಕೆ ಥ್ಯಾಂಕ್ಸ್ ಹೇಳ್ತೀಯ ಅಂತ ಮಗುವನ್ನು ಕೇಳಿ, ಅವಳು ಹೇಳಿದ್ದನ್ನು ಬರೆದು ಕಳಿಸಬೇಕಿತ್ತು. ಕೇಳಿದೆ. "ಐಸ್‌ಕ್ರೀಮ್" ಅಂದಳು. ಮತ್ತೆ ಕೇಳಿದೆ. "ಟಿವಿ" ಅಂದಳು. ತಪ್ಪು ಮಗುವಿನದಲ್ಲ, ನನ್ನ ಪ್ರಶ್ನೆಯದು. ನಮ್ಮ ಮನೆಗಳಲ್ಲಿ ಅಮ್ಮನಿಗೆ, ಅಜ್ಜಿಗೆ ಯಾರು ಧನ್ಯವಾದ ಹೇಳುತ್ತಾರೆ? ಹೇಳಿದರೆ ಹೊರಗಿನವರ ಹಾಗೆ ಕೇಳಿಸುತ್ತದೆ ಅಲ್ವಾ? ಅವತ್ತು ರಾತ್ರಿ ಮಲಗಿಸುವಾಗ ಪ್ರಶ್ನೆ ಬದಲಾಯಿಸಿದೆ. "ಇವತ್ತು ನಿನಗೆ ಯಾರು ಏನು ಮಾಡಿಕೊಟ್ಟರು?" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: "ನನ್ನ ಜಾಕೆಟ್ ಜಿಪ್ ಸಿಕ್ಕಿಹಾಕಿಕೊಂಡಿತ್ತು. ಬಸ್ ಆಂಟಿ ಬಿಡಿಸಿಕೊಟ್ಟರು."

ಅಲ್ಲಿಂದ ನಮ್ಮ ಮನೆಯ ಎಲ್ಲ ಕೈಕೆಲಸಕ್ಕೂ ಅದೇ ಪ್ರಶ್ನೆ. ಕೆಳಗಿನದೆಲ್ಲ ಎರಡರಿಂದ ಎಂಟು ವರ್ಷದ ಮಕ್ಕಳಿರುವ ಮನೆಗಳಿಗೆ. ಊರಿಂದ ಅಜ್ಜಿ ತಾತ ಬಂದಿದ್ದರೆ ಇನ್ನೂ ಒಳ್ಳೆಯದು. ನವೆಂಬರ್ ಚಳಿಯಲ್ಲಿ ಹೊರಗೆ ಹೋಗಲಾಗದೆ ಕೂತಿರುತ್ತಾರೆ. ಮೊಮ್ಮಕ್ಕಳ ಜೊತೆ ಕೂತು ಮಾಡಲು ಒಂದು ಕೆಲಸ ಸಿಕ್ಕರೆ ಅವರಿಗೂ ಹೊತ್ತು ಹೋಗುತ್ತದೆ.

ಯಾವಾಗ ಶುರು ಮಾಡಬೇಕು

ಅಮೆರಿಕದಲ್ಲಿ ಥ್ಯಾಂಕ್ಸ್‌ಗಿವಿಂಗ್ ನವೆಂಬರ್ ತಿಂಗಳ ನಾಲ್ಕನೇ ಗುರುವಾರ. 2026ರಲ್ಲಿ 26ನೇ ತಾರೀಕು, 2027ರಲ್ಲಿ 25. ಕೆನಡಾದಲ್ಲಿರುವವರಿಗೆ ಅಕ್ಟೋಬರ್ ಎರಡನೇ ಸೋಮವಾರ, ಹಾಗಾಗಿ ಅವರು ಇದನ್ನೆಲ್ಲ ಒಂದು ತಿಂಗಳು ಮುಂಚೆಯೇ ಮಾಡಿಕೊಳ್ಳಬೇಕು.

ಹಬ್ಬಕ್ಕೆ ಎರಡು ವಾರ ಮುಂಚೆ ಶುರು ಮಾಡಿ. ದಿನಕ್ಕೆ ಒಂದೇ ಕೆಲಸ, ಇಪ್ಪತ್ತು ನಿಮಿಷಕ್ಕಿಂತ ಜಾಸ್ತಿ ಬೇಡ. ಬುಧವಾರ ಸಂಜೆ ಎಲ್ಲವನ್ನೂ ಒಟ್ಟಿಗೆ ಮಾಡಿಸಲು ಹೋದರೆ ಅಡುಗೆಯೂ ಕೆಡುತ್ತದೆ, ಮಕ್ಕಳೂ ಅಳುತ್ತಾರೆ. ಎಲೆ ಮಾತ್ರ ಇನ್ನೂ ಮುಂಚೆ ಆರಿಸಿಕೊಳ್ಳಬೇಕು. ಅದನ್ನು ಮುಂದೆ ಹೇಳುತ್ತೇನೆ.

ಸಾಮಾನು ಜಾಸ್ತಿ ಬೇಕಿಲ್ಲ. ಬಣ್ಣದ ಕಾಗದ, ಮಕ್ಕಳ ಕತ್ತರಿ, ಬಿಳಿ ಗೋಂದು, ಕ್ರೇಯಾನ್, ತೊಳೆದರೆ ಹೋಗುವ ಬಣ್ಣ, ದಾರ, ಹೋಲ್ ಪಂಚ್, ಸೀರಿಯಲ್ ಡಬ್ಬದ ರಟ್ಟು. ಬಣ್ಣ ಕೊಳ್ಳುವಾಗ ಬಾಟಲಿ ಮೇಲೆ ತೊಳೆದರೆ ಹೋಗುತ್ತದೆ ಎಂದು ಬರೆದಿದೆಯೇ ನೋಡಿಯೇ ಕೊಳ್ಳಿ. ನಾನು ನೋಡದೆ ತಂದ ಕೆಂಪು ಬಣ್ಣ ಬಾಡಿಗೆ ಮನೆಯ ಕಾರ್ಪೆಟ್ ಮೇಲೆ ಬಿತ್ತು, ಮನೆ ಬಿಡುವಾಗ ಡೆಪಾಸಿಟ್‌ನಲ್ಲಿ ಹಣ ಹಿಡಿದುಕೊಂಡರು. ಹಾಟ್ ಗ್ಲೂ ಗನ್ ದೊಡ್ಡವರ ಕೈಯಲ್ಲಿ ಮಾತ್ರ ಇರಲಿ. ಮೂರು ವರ್ಷದೊಳಗಿನ ಮಗು ಮನೆಯಲ್ಲಿದ್ದರೆ ಅಂಟಿಸುವ ಕಣ್ಣುಗುಡ್ಡೆ, ಮಣಿ, ಬೀಜ ಯಾವುದೂ ಅದರ ಕೈಗೆ ಸಿಗಬಾರದು. ಬಾಯಿಗೆ ಹಾಕಿಕೊಳ್ಳುತ್ತವೆ, ಮೂಗಿಗೂ ತುರುಕಿಕೊಳ್ಳುತ್ತವೆ. ಕಣ್ಣನ್ನು ಪೆನ್ನಿನಲ್ಲಿ ಬರೆದರೆ ಸಾಕು.

ಥ್ಯಾಂಕ್ಸ್ ಮರ

ಒಂದೇ ಒಂದು ಕೈಕೆಲಸ ಮಾಡಲು ಸಮಯ ಇದೆ ಅನ್ನುವವರು ಇದನ್ನು ಮಾಡಿ. ಉಳಿದದ್ದು ಬಿಟ್ಟರೂ ಪರವಾಗಿಲ್ಲ.

ಮಕ್ಕಳನ್ನು ಕರೆದುಕೊಂಡು ಹೊರಗೆ ಹೋಗಿ ಕೆಳಗೆ ಬಿದ್ದಿರುವ ಒಣ ಕೊಂಬೆಗಳನ್ನು ಆರಿಸಿ. ಮೊಳದಷ್ಟು ಉದ್ದ, ಕವಲು ಇರುವಂಥವು ಮೂರು ನಾಲ್ಕು ಸಾಕು. ಮರದಿಂದ ಮುರಿಯುವುದು ಬೇಡ, ಪಾರ್ಕುಗಳಲ್ಲಿ ಅದಕ್ಕೆ ಅನುಮತಿ ಇರುವುದಿಲ್ಲ. ಮನೆಗೆ ತಂದು ಒದ್ದೆ ಬಟ್ಟೆಯಿಂದ ಒರೆಸಿ. ಅಗಲ ಬಾಯಿಯ ಗಾಜಿನ ಬಾಟಲಿಯಲ್ಲಿ ಕೊಂಬೆಗಳನ್ನು ನಿಲ್ಲಿಸಿ ಸುತ್ತ ಕಲ್ಲು ತುಂಬಿ. ಉಪ್ಪಿನಕಾಯಿ ಬಾಟಲಿ ಆಗುತ್ತದೆ. ಕಲ್ಲು ಹಾಕುವ ಕೆಲಸ ಚಿಕ್ಕವರದು, ಒಂದೊಂದಾಗಿ ಹಾಕುತ್ತಾ ಎಣಿಸಲಿ. ಬಾಟಲಿ ಭಾರ ಆಗದಿದ್ದರೆ ಮೊದಲ ದಿನವೇ ಮರ ಮಗುಚಿಕೊಳ್ಳುತ್ತದೆ.

ಆಮೇಲೆ ಕೆಂಪು, ಹಳದಿ, ಕಿತ್ತಳೆ ಕಾಗದದಲ್ಲಿ ಎಲೆ ಕತ್ತರಿಸಿ. ಕಾಗದವನ್ನು ಎರಡಾಗಿ ಮಡಿಸಿ, ಮಡಿಕೆಯ ಕಡೆಯಿಂದ ಅರ್ಧ ಎಲೆ ಬರೆದುಕೊಟ್ಟರೆ ಆರು ವರ್ಷದ ಮಗು ತಾನೇ ಕತ್ತರಿಸುತ್ತದೆ, ಬಿಡಿಸಿದಾಗ ಎರಡೂ ಬದಿ ಸಮ ಬಂದಿರುತ್ತದೆ. ಅದಕ್ಕಿಂತ ಚಿಕ್ಕವರು ಹೋಲ್ ಪಂಚ್ ಒತ್ತಲಿ, ದಾರ ಪೋಣಿಸಲಿ. ಮನೆಯಲ್ಲಿ ನಾಲ್ಕು ಜನ, ಹತ್ತು ದಿನ ಎಂದರೆ ನಲವತ್ತು ಎಲೆ ಬೇಕು. ಐವತ್ತು ಕತ್ತರಿಸಿಡಿ, ಮನೆಗೆ ಬಂದ ನೆಂಟರಿಗೂ ಇರಲಿ.

ಇನ್ನು ಮುಖ್ಯವಾದದ್ದು ರಾತ್ರಿ ಊಟದ ಹೊತ್ತಿನದು. ಪ್ರತಿಯೊಬ್ಬರೂ ಒಂದು ಎಲೆ ತುಂಬಬೇಕು. ಪ್ರಶ್ನೆ ಯಾವುದೆಂದು ಆಗಲೇ ಹೇಳಿದೆ. ಇವತ್ತು ನಿನಗೆ ಯಾರು ಏನು ಮಾಡಿಕೊಟ್ಟರು? ಮಗು ಏನೂ ನೆನಪಿಲ್ಲ ಅಂದರೆ ಬೆಳಗ್ಗೆಯಿಂದ ನಡೆಸಿಕೊಂಡು ಬನ್ನಿ. ಬೆಳಗ್ಗೆ ಯಾರು ಎಬ್ಬಿಸಿದರು, ಬಸ್ಸಿನಲ್ಲಿ ಯಾರು ಪಕ್ಕ ಕೂತರು, ಊಟದ ಡಬ್ಬಿಯ ಮುಚ್ಚಳ ಯಾರು ತೆಗೆದುಕೊಟ್ಟರು? ಮುಚ್ಚಳ ಅನ್ನುವಷ್ಟರಲ್ಲಿ ಏನಾದರೂ ಹೊರಗೆ ಬಂದೇ ಬರುತ್ತದೆ.

ಮಗು ಹೇಳಿದ್ದನ್ನು ಅದೇ ಮಾತಿನಲ್ಲಿ ಬರೆಯಿರಿ. ತಿದ್ದಬೇಡಿ, ಚೆಂದ ಮಾಡಬೇಡಿ. ನಮ್ಮ ಮರದಲ್ಲಿ "ತಾತ ನನ್ನ ಸಾಕ್ಸ್ ಬೆಚ್ಚಗೆ ಮಾಡಿದ್ರು" ಅಂತ ಒಂದು ಎಲೆ ಇದೆ. ನಮ್ಮ ಮಾವ ಇಲ್ಲಿದ್ದ ವರ್ಷ ಬೆಳಗ್ಗೆ ಬೇಗ ಎದ್ದು ಮೊಮ್ಮಗನ ಸಾಕ್ಸನ್ನು ಹೀಟರ್ ಪಕ್ಕದಲ್ಲಿ ಇಟ್ಟಿರುತ್ತಿದ್ದರಂತೆ. ಆ ಎಲೆ ಬರೆಯುವವರೆಗೆ ನನಗೆ ಗೊತ್ತೇ ಇರಲಿಲ್ಲ. ಎಲೆಯ ಹಿಂದೆ ತಾರೀಕು ಹಾಕಿ. ಮನೆಯಲ್ಲಿ ಕನ್ನಡ ಮಾತಾಡುವವರು ಕನ್ನಡದಲ್ಲೇ ಬರೆಯಿರಿ, ಏಳು ವರ್ಷದವಳಿಗೆ ಅಕ್ಷರ ಕೂಡಿಸಿ ಓದಲು ಇದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ. ದೊಡ್ಡವರೂ ಬರೆಯಲೇಬೇಕು. ಅಪ್ಪ ಅಮ್ಮ ಒಬ್ಬರ ಬಗ್ಗೆ ಒಬ್ಬರು ಬರೆದದ್ದನ್ನು ಮಕ್ಕಳು ಎಷ್ಟು ಸಲ ಓದಿಸುತ್ತಾರೆ ನೋಡಿ.

ಎಲೆ: ಆರಿಸುವುದು, ಒಣಗಿಸುವುದು, ಉಜ್ಜುವುದು

ಅಮೆರಿಕದ ಈಶಾನ್ಯದ ರಾಜ್ಯಗಳಲ್ಲಿ ಹಬ್ಬದ ಹೊತ್ತಿಗೆ ಹೆಚ್ಚಿನ ಮರ ಬೋಳಾಗಿರುತ್ತದೆ. ನೆಲದ ಮೇಲಿರುವ ಎಲೆ ಕೊಳೆತು ಕಂದಾಗಿರುತ್ತದೆ. ಹಾಗಾಗಿ ಅಕ್ಟೋಬರ್ ಕೊನೆಗೋ ನವೆಂಬರ್ ಮೊದಲ ವಾರವೋ ಬಣ್ಣದ ಎಲೆ ಆರಿಸಿಕೊಂಡು ಬನ್ನಿ. ಮೇಪಲ್, ಓಕ್ ಸುಲಭವಾಗಿ ಸಿಗುತ್ತವೆ. ಮಳೆ ಬಂದ ಮರುದಿನ ಬೇಡ. ದಿನಪತ್ರಿಕೆಯ ಹಾಳೆಗಳ ನಡುವೆ ಒಂದಕ್ಕೊಂದು ತಾಗದಂತೆ ಹರಡಿ, ಮೇಲೆ ದಪ್ಪ ಪುಸ್ತಕ ಹೇರಿ, ಒಂದು ವಾರ ಬಿಟ್ಟರೆ ಚಪ್ಪಟೆಯಾಗಿ ಒಣಗುತ್ತವೆ.

ಒಂದು ಎಚ್ಚರಿಕೆ ಹೇಳಲೇಬೇಕು. ಪಾಯಿಸನ್ ಐವಿ ಎಂಬ ಬಳ್ಳಿ ಇಲ್ಲಿನ ಕಾಡು, ಬೇಲಿ, ಮರದ ಬುಡಗಳಲ್ಲಿ ತುಂಬ ಇದೆ. ಒಂದೇ ತೊಟ್ಟಿನಲ್ಲಿ ಮೂರು ಎಲೆ ಇರುತ್ತದೆ, ಶರತ್ಕಾಲದಲ್ಲಿ ಕೆಂಪಾಗಿ ಬಲು ಚೆಂದ ಕಾಣುತ್ತದೆ, ಮಕ್ಕಳ ಕೈ ಮೊದಲು ಅದಕ್ಕೇ ಹೋಗುತ್ತದೆ. ಮುಟ್ಟಿದರೆ ತುರಿಕೆ, ಗುಳ್ಳೆ. ಬಿದ್ದ ಒಣ ಎಲೆಯಲ್ಲೂ ತುರಿಕೆ ತರುವ ಅದರ ಎಣ್ಣೆ ಉಳಿದಿರುತ್ತದೆ. ಮೂರೆಲೆ ಕಂಡರೆ ಕೈ ಹಾಕಬೇಡ ಅಂತ ಹೊರಡುವ ಮುಂಚೆಯೇ ಹೇಳಿಕೊಡಿ.

ಎಲೆ ಉಜ್ಜುವ ಚಿತ್ರ ಎರಡು ವರ್ಷದವರಿಗೂ ಬರುತ್ತದೆ. ಎಲೆಯನ್ನು ನರ ಮೇಲೆ ಬರುವಂತೆ, ಅಂದರೆ ಬೆನ್ನು ಮೇಲಾಗಿ ಇಡಿ. ಮೇಲೆ ತೆಳು ಬಿಳಿ ಕಾಗದ ಹಾಕಿ, ಜಾರದಂತೆ ನಾಲ್ಕು ಮೂಲೆಗೂ ಟೇಪ್ ಹಚ್ಚಿ. ಕ್ರೇಯಾನಿನ ಸುತ್ತಿದ ಕಾಗದ ಕಿತ್ತು, ಅದನ್ನು ಅಡ್ಡ ಮಲಗಿಸಿ ಉಜ್ಜಲು ಹೇಳಿ. ಏನೂ ಇಲ್ಲದ ಕಾಗದದ ಮೇಲೆ ಎಲೆಯ ನರಗಳು ಒಂದೊಂದಾಗಿ ಮೇಲೆ ಬರುವುದನ್ನು ನೋಡಿ ನನ್ನ ಮಗ ಮೊದಲ ಸಲ ಕ್ರೇಯಾನ್ ಕೆಳಗಿಟ್ಟು ಕಾಗದ ಎತ್ತಿ ಅಡಿಗೆ ಇಣುಕಿದ್ದ. ಒಣ ಎಲೆಗೆ ಇದು ಹೊಂದುವುದಿಲ್ಲ, ಪುಡಿಯಾಗುತ್ತದೆ. ಅವತ್ತೇ ತಂದ ಮೆತ್ತನೆ ಎಲೆ ಬೇಕು.

ಒಣಗಿಸಿದ ಎಲೆಗಳನ್ನು ದಾರಕ್ಕೆ ಪೋಣಿಸಿ ಬಾಗಿಲಿಗೆ ಕಟ್ಟಿ. ಇಲ್ಲಿ ಮಾವಿನೆಲೆ ಸಿಗುವುದೇ ಕಷ್ಟ. ಯುಗಾದಿಗೆ ಪ್ಲಾಸ್ಟಿಕ್ ತೋರಣ ಕಟ್ಟುವ ನಮ್ಮ ಬಾಗಿಲಿಗೆ ನವೆಂಬರಿನಲ್ಲಿ ನಿಜವಾದ ಎಲೆಯ ತೋರಣ ಬರುತ್ತದೆ.

ಟರ್ಕಿ, ಎರಡು ಬಗೆ

ಈ ಹಬ್ಬದೂಟಕ್ಕೆ ಇಲ್ಲಿನವರು ಬೇಯಿಸುವುದು ಟರ್ಕಿ ಕೋಳಿ. ಅಂಗೈ ಗುರುತಿನ ಟರ್ಕಿ ಚಿತ್ರ ಇಲ್ಲಿನ ಪ್ರತಿ ಮನೆಯ ಫ್ರಿಜ್ ಮೇಲೂ ಇರುತ್ತದೆ. ಹೆಬ್ಬೆರಳು ತಲೆ, ನಾಲ್ಕು ಬೆರಳು ಬಾಲದ ಗರಿ. ಮಗುವಿನ ಕೈಯನ್ನು ಬಣ್ಣದಲ್ಲಿ ಅದ್ದಬೇಡಿ, ದಪ್ಪವಾಗಿ ಕಲೆಸಿಹೋಗುತ್ತದೆ. ಬ್ರಷ್ಷಿನಿಂದ ಅಂಗೈಗೂ ಹೆಬ್ಬೆರಳಿಗೂ ಕಂದು, ಉಳಿದ ಬೆರಳಿಗೆ ಒಂದೊಂದು ಬಣ್ಣ ತೆಳುವಾಗಿ ಹಚ್ಚಿ. ಕಚಗುಳಿಯಾಗಿ ಮುಷ್ಟಿ ಕಟ್ಟುತ್ತವೆ, ಅದಕ್ಕೇ ಬೆರಳುಗಳಿಗೆ ಕೊನೆಯಲ್ಲಿ ಹಚ್ಚಬೇಕು. ಕಾಗದದ ಮೇಲೆ ಅಂಗೈ ಊರಿಸಿ, ಒಂದೊಂದೇ ಬೆರಳು ಒತ್ತಿ, ನೇರವಾಗಿ ಮೇಲೆತ್ತಿ. ಒದ್ದೆ ಬಟ್ಟೆ ಪಕ್ಕದಲ್ಲೇ ಇರಲಿ. ಒಣಗಿದ ಮೇಲೆ ಪ್ರತಿ ಗರಿಯ ಮೇಲೂ ಮಗುವಿಗೆ ಏನಾದರೂ ಮಾಡಿಕೊಟ್ಟ ಒಬ್ಬರ ಹೆಸರು ಬರೆಯಿರಿ. ನಿದ್ದೆ ಬರುವ ಹೊತ್ತಲ್ಲಿ ಇದನ್ನು ಮಾಡಬೇಡಿ.

ಇನ್ನೊಂದು ಟರ್ಕಿ ನನಗೆ ಹೆಚ್ಚು ಇಷ್ಟ. ಇಲ್ಲಿನ ಕಿಂಡರ್‌ಗಾರ್ಟನ್‌ಗಳಲ್ಲಿ ಮಕ್ಕಳಿಗೆ ಟರ್ಕಿಯ ಗೆರೆಚಿತ್ರ ಕೊಟ್ಟು, ಹಬ್ಬದೂಟಕ್ಕೆ ಯಾರೂ ಹಿಡಿಯದ ಹಾಗೆ ಅದಕ್ಕೆ ವೇಷ ಹಾಕಿಕೊಂಡು ಬನ್ನಿ ಎಂದು ಮನೆಗೆ ಕಳಿಸುವ ರೂಢಿ ಇದೆ. ಸಸ್ಯಾಹಾರಿ ಮನೆಯ ಮಕ್ಕಳು ಇದನ್ನು ಎಷ್ಟು ಮನಸ್ಸಿಟ್ಟು ಮಾಡುತ್ತಾರೆ ಅಂದರೆ ಅದು ನೋಡಲೇಬೇಕಾದ್ದು. ಬಹಳಷ್ಟು ಮಕ್ಕಳು ಸೂಪರ್‌ಹೀರೋ, ಹಿಮಮಾನವ ಮಾಡಿಕೊಂಡು ಬರುತ್ತಾರೆ. ನನ್ನ ಗಂಡನ ಊರು ಹೊನ್ನಾವರದ ಕಡೆ. ಮಗಳೂ ಅವರೂ ಕೂತು ಟರ್ಕಿಗೆ ಯಕ್ಷಗಾನದ ವೇಷ ಕಟ್ಟಿದರು.

ಹೇಗೆ ಅಂದರೆ, ಮೊದಲು ಚಿತ್ರವನ್ನು ರಟ್ಟಿಗೆ ಅಂಟಿಸಿ ಸುತ್ತ ಕತ್ತರಿಸಿದರು. ಬಿಚ್ಚಿದ ಬಾಲ ಹೇಗೂ ಅರ್ಧಚಂದ್ರದ ಹಾಗಿರುತ್ತದೆ, ಅದನ್ನೇ ಕಿರೀಟದ ಹಿಂಭಾಗ ಮಾಡಿಕೊಂಡರು. ಚಾಕೊಲೇಟಿನ ಚಿನ್ನದ ಬಣ್ಣದ ಹಾಳೆಯನ್ನು ಉಗುರಿನಲ್ಲಿ ತೀಡಿ ನುಣುಪು ಮಾಡಿ ಪಟ್ಟಿ ಪಟ್ಟಿಯಾಗಿ ಹಚ್ಚಿದರು. ಭುಜಕೀರ್ತಿಗೆ ಕೆಂಪು ಕಾಗದ, ಎದೆಕಟ್ಟಿಗೆ ಹಳೆಯ ಕುಪ್ಪಸದ ಅಂಚು. ಕೊಕ್ಕಿನ ಕೆಳಗೆ ಕಪ್ಪು ಉಣ್ಣೆ ದಾರದ ಮೀಸೆ. ಕೊನೆಗೆ ಕಾಲಿಗೆ ಗೆಜ್ಜೆ ಬರೆದರು. ತರಗತಿಯಲ್ಲಿ ಅದನ್ನು ಗೋಡೆಗೆ ಹಾಕಿದಾಗ ಅದು ಏನೆಂದು ಇವಳೇ ಎಲ್ಲರಿಗೂ ಹೇಳಿಕೊಟ್ಟಳಂತೆ. ನಿಮ್ಮ ಊರಿನದು ಏನಿದೆಯೋ ಅದನ್ನು ಹಾಕಿ. ಡೊಳ್ಳು ಕುಣಿತ, ವೀರಗಾಸೆ, ಹುಲಿವೇಷ, ಯಾವುದಾದರೂ ಸರಿ.

ಕಥೆ ಹೇಳುವಾಗ

ಮಕ್ಕಳು ಇದು ಯಾಕೆ ಹಬ್ಬ ಅಂತ ಕೇಳುತ್ತಾರೆ. ನಿಜವಾದದ್ದನ್ನು ಸಣ್ಣದಾಗಿ ಹೇಳಿ. 1620ರಲ್ಲಿ ಮೇಫ್ಲವರ್ ಎಂಬ ಹಡಗಿನಲ್ಲಿ 102 ಜನ ಇಂಗ್ಲೆಂಡಿನಿಂದ ಬಂದರು. ಈಗಿನ ಮ್ಯಾಸಚೂಸೆಟ್ಸ್‌ನ ಪ್ಲಿಮತ್‌ನಲ್ಲಿ ಇಳಿದರು. ಮೊದಲ ಚಳಿಗಾಲದಲ್ಲೇ ಸುಮಾರು ಅರ್ಧ ಜನ ಸತ್ತರು. ಆ ನೆಲದಲ್ಲಿ ವಾಂಪನೋಗ್ ಜನ ಸಾವಿರಾರು ವರ್ಷದಿಂದ ಇದ್ದರು. ಅವರ ಪೈಕಿ ಟಿಸ್‌ಕ್ವಾಂಟಮ್ ಎಂಬಾತ ಬಂದವರಿಗೆ ಮುಸುಕಿನ ಜೋಳ ಬೆಳೆಯುವುದನ್ನು, ಗುಂಡಿಯಲ್ಲಿ ಮೀನು ಹಾಕಿ ಗೊಬ್ಬರ ಮಾಡುವುದನ್ನು ಹೇಳಿಕೊಟ್ಟ. 1621ರ ಸುಗ್ಗಿಯಾದ ಮೇಲೆ ಮೂರು ದಿನ ಊಟ ನಡೆಯಿತು. ವಾಂಪನೋಗ್ ನಾಯಕ ಮ್ಯಾಸಸಾಯಿಟ್ ಸುಮಾರು 90 ಜನರ ಜೊತೆ ಬಂದಿದ್ದ, ಅವನ ಜನ ಐದು ಜಿಂಕೆ ತಂದುಕೊಟ್ಟರು. ಇಡೀ ದೇಶಕ್ಕೆ ನವೆಂಬರಿನ ಕೊನೆಯ ಗುರುವಾರ ಹಬ್ಬ ಎಂದು ಲಿಂಕನ್ ಸಾರಿದ್ದು ತುಂಬಾ ಆಮೇಲೆ, 1863ರಲ್ಲಿ. ನಾಲ್ಕನೇ ಗುರುವಾರ ಎಂದು ಕಾನೂನಾದದ್ದು 1941ರಲ್ಲಿ.

ಮುಂದಿನದು ಸಂತೋಷದ ಕಥೆಯಲ್ಲ. ಸಹಾಯ ಮಾಡಿದವರ ನೆಲವೇ ಹೋಯಿತು, ಯುದ್ಧ ಆಯಿತು, ರೋಗದಿಂದಲೂ ಯುದ್ಧದಿಂದಲೂ ಅಪಾರ ಜನ ಸತ್ತರು. 1970ರಿಂದ ಇದೇ ಗುರುವಾರ ಪ್ಲಿಮತ್‌ನಲ್ಲಿ ಮೂಲನಿವಾಸಿಗಳು ಶೋಕದ ದಿನ ಆಚರಿಸುತ್ತಾರೆ. ಏಳು ವರ್ಷದವರಿಗೆ ಇದನ್ನು ಹೇಳಬಹುದು. ನಾಲ್ಕು ವರ್ಷದವನಿಗೆ ನಾನು "ಅವರು ಊಟ ಕೊಟ್ಟರು, ಆಮೇಲೆ ಅವರಿಗೆ ಅನ್ಯಾಯ ಆಯಿತು, ಅವರ ಮಕ್ಕಳು ಮೊಮ್ಮಕ್ಕಳು ಈಗಲೂ ಅಲ್ಲೇ ಇದ್ದಾರೆ" ಅಂತ ಮಾತ್ರ ಹೇಳುತ್ತೇನೆ. ಮ್ಯಾಶ್‌ಪೀ ಮತ್ತು ಅಕ್ವಿನಾ ಎಂಬ ಊರುಗಳಲ್ಲಿ ವಾಂಪನೋಗ್ ಜನ ಇವತ್ತೂ ಇದ್ದಾರೆ.

ಇದೇ ಕಾರಣಕ್ಕೆ ಕಾಗದದ ಗರಿ ಕಿರೀಟ ಮಾಡಿ ಮಕ್ಕಳಿಗೆ 'ಇಂಡಿಯನ್', ಅಂದರೆ ಇಲ್ಲಿನ ಮೂಲನಿವಾಸಿಗಳ ವೇಷ ಹಾಕಿಸುವುದು ಬೇಡ. ಹಳೆಯ ಕೈಕೆಲಸದ ಪುಸ್ತಕಗಳಲ್ಲಿ ಅದು ಇನ್ನೂ ಇದೆ. ಆ ದೊಡ್ಡ ಗರಿ ಕಿರೀಟ ಅಮೆರಿಕದ ಬಯಲುಸೀಮೆಯ ಬೇರೆ ಬುಡಕಟ್ಟುಗಳದು, ಅಲ್ಲೂ ಅದು ಸುಮ್ನೆ ತಲೆಗೆ ಹಾಕಿಕೊಳ್ಳುವ ವಸ್ತುವಲ್ಲ, ಗೌರವಕ್ಕೆ ಸಿಗುವಂಥದ್ದು. ಅದರ ಬದಲು ಅವರು ಬೆಳೆದದ್ದನ್ನು ಮಕ್ಕಳ ಕೈಗೆ ಕೊಡಿ.

ಮೂರು ಅಕ್ಕತಂಗಿಯರ ಬೀಜದ ಚಿತ್ರ

ಇಲ್ಲಿನ ಹಲವು ಮೂಲನಿವಾಸಿಗಳು ಮುಸುಕಿನ ಜೋಳ, ಬೀನ್ಸ್, ಕುಂಬಳ ಮೂರನ್ನೂ ಒಂದೇ ಗುಡ್ಡೆಯಲ್ಲಿ ಹಾಕುತ್ತಿದ್ದರು. ಮೂರು ಅಕ್ಕತಂಗಿಯರು ಎಂದು ಅವುಗಳ ಹೆಸರು. ಜೋಳದ ದಂಟಿಗೆ ಬೀನ್ಸ್ ಬಳ್ಳಿ ಹಬ್ಬುತ್ತದೆ. ಬೀನ್ಸ್ ಬೇರು ನೆಲಕ್ಕೆ ಸಾರಜನಕ ಸೇರಿಸುತ್ತದೆ. ಕುಂಬಳದ ಅಗಲ ಎಲೆ ನೆಲ ಮುಚ್ಚಿ ತೇವ ಉಳಿಸುತ್ತದೆ, ಕಳೆ ಬರಲು ಬಿಡುವುದಿಲ್ಲ. ನಮ್ಮ ಕಡೆ ರಾಗಿ ಹೊಲದಲ್ಲಿ ಅವರೆ, ತೊಗರಿ, ಹುಚ್ಚೆಳ್ಳು ಹಾಕುವ ಅಕ್ಕಡಿ ಸಾಲು ಗೊತ್ತಿರುವ ಅಜ್ಜ ಅಜ್ಜಿ ಮನೆಯಲ್ಲಿದ್ದರೆ ಈ ಕೆಲಸ ಅವರಿಗೇ ಬಿಡಿ. ನಮ್ಮ ಮಾವ ಮೇಜಿನ ಮೇಲೆ ಬೀಜ ಸಾಲಿಟ್ಟು ಅರ್ಧ ಗಂಟೆ ಹೇಳಿದ್ದರು, ಇಬ್ಬರೂ ಕದಲದೆ ಕೂತಿದ್ದರು.

ಪಾಪ್‌ಕಾರ್ನಿನ ಒಣ ಜೋಳ, ರಾಜ್ಮಾ, ತೊಳೆದು ಒಣಗಿಸಿದ ಕುಂಬಳದ ಬೀಜ ಬೇರೆ ಬೇರೆ ಬಟ್ಟಲಲ್ಲಿ ಇಡಿ. ಹಸಿ ರಾಜ್ಮಾ ತಿಂದರೆ ಹೊಟ್ಟೆ ಕೆಡುತ್ತದೆ, ಬಾಯಿಗೆ ಹಾಕದಂತೆ ನೋಡಿಕೊಳ್ಳಿ. ಅಂಗೈಯಷ್ಟು ಅಗಲದ ರಟ್ಟಿನ ಮೇಲೆ ಒಂದು ದಂಟು, ಒಂದು ಬಳ್ಳಿ, ಒಂದು ಕಾಯಿ ಬರೆದುಕೊಡಿ. ಗೋಂದು ಒಂದೇ ಸಲ ಎಲ್ಲ ಕಡೆ ಹಚ್ಚಬೇಡಿ, ಬೀಜ ಇಡುವಷ್ಟರಲ್ಲಿ ಒಣಗುತ್ತದೆ. ದಂಟಿಗೆ ಹಚ್ಚಿ, ಜೋಳ ಇಟ್ಟು ಮುಗಿಸಿ, ಆಮೇಲೆ ಬಳ್ಳಿಗೆ. ರಾತ್ರಿಯಿಡೀ ಮಲಗಿಸಿಯೇ ಒಣಗಿಸಿ. ನಿಲ್ಲಿಸಿದರೆ ಬೆಳಗ್ಗೆ ಬೀಜವೆಲ್ಲ ಕೆಳಗೆ ಜಾರಿರುತ್ತದೆ.

ಹಾಗೇ ಇನ್ನೊಂದು ಮಾತು ಮಕ್ಕಳಿಗೆ ಹೇಳಿ. ನಮ್ಮ ಅಡುಗೆಮನೆಯ ಮೆಣಸಿನಕಾಯಿ, ಟೊಮೆಟೊ, ಆಲೂಗಡ್ಡೆ, ಶೇಂಗಾ, ಗೋಡಂಬಿ, ಸೀಬೆಹಣ್ಣು, ಸಿಹಿಗುಂಬಳ ಎಲ್ಲ ಮೊದಲು ಬೆಳೆದದ್ದು ಅಮೆರಿಕದ ಖಂಡಗಳಲ್ಲಿ. ಇಲ್ಲಿನ ಜನ ನೂರಾರು ತಲೆಮಾರು ಬೆಳೆದು ಉಳಿಸಿಕೊಂಡದ್ದು, ಆಮೇಲೆ ಹಡಗಿನಲ್ಲಿ ನಮ್ಮ ಕಡೆ ಬಂತು. ದೊಡ್ಡ ಕಾಗದದ ಮೇಲೆ ಇವನ್ನೆಲ್ಲ ಮಕ್ಕಳಿಂದ ಬರೆಸಿದರೆ ತಟ್ಟೆಯ ಕೆಳಗೆ ಹಾಸಲು ಆಯಿತು. ಪಾರದರ್ಶಕ ಅಂಟು ಹಾಳೆ ಹಚ್ಚಿದರೆ ಒರೆಸಲೂ ಬರುತ್ತದೆ.

ಪಂಚೆಯ ಮೇಜುಬಟ್ಟೆ

ಬಿಳಿ ಬಟ್ಟೆ ಹಾಸಿ, ಊಟಕ್ಕೆ ಬಂದವರೆಲ್ಲ ಅದರ ಮೇಲೆ ಪ್ರತಿ ವರ್ಷ ಬರೆಯುವ ರೂಢಿ ಇಲ್ಲಿ ಅನೇಕ ಮನೆಗಳಲ್ಲಿದೆ. ನಮ್ಮ ಮನೆಯಲ್ಲಿ ಅದು ನಮ್ಮಪ್ಪನ ಪಂಚೆ. ಒಮ್ಮೆ ಬಂದಾಗ ಬಿಟ್ಟುಹೋಗಿದ್ದರು, ಸಣ್ಣ ಜರಿ ಅಂಚಿನದು. ಹತ್ತಿಯ ಬಟ್ಟೆಯಾದ್ದರಿಂದ ಶಾಯಿ ಚೆನ್ನಾಗಿ ಹಿಡಿಯುತ್ತದೆ.

ಹೊಸ ಬಟ್ಟೆಯಾದರೆ ಮೊದಲು ತೊಳೆದು ಗಂಜಿ ಹೋಗಿಸಿ. ಇಸ್ತ್ರಿ ಮಾಡಿ. ಮೇಜಿನ ಮೇಲೆ ಪ್ಲಾಸ್ಟಿಕ್ ಹಾಸಿ ಅದರ ಮೇಲೆ ಬಟ್ಟೆ ಹಾಕಿ, ಇಲ್ಲದಿದ್ದರೆ ಶಾಯಿ ಮರಕ್ಕೆ ಇಳಿಯುತ್ತದೆ. ಬಟ್ಟೆಗೆಂದೇ ಮಾರುವ ಮಾರ್ಕರ್ ಬಳಸಿ. ಪ್ರತಿ ವರ್ಷ ಒಂದು ಬಣ್ಣ ಎಂದು ಗೊತ್ತು ಮಾಡಿಕೊಂಡರೆ ಯಾವುದು ಯಾವ ವರ್ಷದ್ದು ಅಂತ ಆಮೇಲೆ ತಿಳಿಯುತ್ತದೆ. ಮಕ್ಕಳ ಕೈ ಇಟ್ಟು ಸುತ್ತ ಗೆರೆ ಎಳೆಯಿರಿ, ಒಳಗೆ ಹೆಸರು, ವರ್ಷ. ಮುಂದಿನ ವರ್ಷ ಅದೇ ಗೆರೆಯ ಮೇಲೆ ಕೈ ಇಟ್ಟು ಹೊಸ ಗೆರೆ. ದೊಡ್ಡವರು ಒಂದು ಸಾಲು ಬರೆಯಲಿ, ಮತ್ತೆ ಅದೇ ಪ್ರಶ್ನೆಗೆ ಉತ್ತರವಾಗಿ, ಈ ವರ್ಷ ಯಾರು ಏನು ಮಾಡಿಕೊಟ್ಟರು ಅಂತ. ಊಟಕ್ಕೆ ಮುಂಚೆಯೇ ಬರೆಸಿ. ಸಾರು ಬಿದ್ದ ಮೇಲೆ ಬರೆಯಲು ಆಗುವುದಿಲ್ಲ.

ಯಾರು ಎಲ್ಲಿ ಕೂರಬೇಕು ಎನ್ನುವ ಹೆಸರಿನ ಚೀಟಿಗೆ ಪೈನ್ ಮರದ ಕಾಯಿ ಚೆನ್ನ, ಎಸಳಿನ ಸಂದಿಗೆ ಚೀಟಿ ಸಿಕ್ಕಿಸಿದರೆ ನಿಲ್ಲುತ್ತದೆ. ಹೊರಗಿಂದ ತಂದದ್ದನ್ನು ಓವನ್‌ನಲ್ಲಿ 200 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ ಅರ್ಧ ಗಂಟೆ ಇಟ್ಟರೆ ಒಳಗಿನ ಹುಳ ಸಾಯುತ್ತವೆ. ತಟ್ಟೆಗೆ ಫಾಯಿಲ್ ಹಾಕಿ, ಪಕ್ಕದಲ್ಲೇ ನಿಂತಿರಿ.

ಕ್ರ್ಯಾನ್‌ಬೆರಿ ಗೊಜ್ಜು, ಮಕ್ಕಳ ಕೈಯಲ್ಲಿ

ಅಮೆರಿಕದ ಕನ್ನಡ ಮನೆಗಳಲ್ಲಿ ಈ ತಿಂಗಳು ಕ್ರ್ಯಾನ್‌ಬೆರಿ ಗೊಜ್ಜು ಆಗಿಯೇ ಆಗುತ್ತದೆ. ತಾಜಾ ಹಣ್ಣಿನ 340 ಗ್ರಾಂ ಪೊಟ್ಟಣ ಅಂಗಡಿ ತುಂಬ ಇರುತ್ತದೆ. ಮಕ್ಕಳ ಕೆಲಸ ತೊಳೆಯುವುದು ಮತ್ತು ಆರಿಸುವುದು. ದೊಡ್ಡ ಪಾತ್ರೆಯಲ್ಲಿ ನೀರು ತುಂಬಿ ಹಣ್ಣು ಸುರಿಯಿರಿ, ತೇಲುತ್ತವೆ. ಯಾಕೆ ಅಂತ ಕೇಳುತ್ತಾರೆ. ಒಂದನ್ನು ಅಡ್ಡಲಾಗಿ ಕತ್ತರಿಸಿ ತೋರಿಸಿ, ಒಳಗೆ ನಾಲ್ಕು ಪುಟ್ಟ ಕೋಣೆ, ಅದರಲ್ಲಿ ಗಾಳಿ. ಒಳ್ಳೆಯ ಹಣ್ಣು ತಟ್ಟೆಗೆ ಬಿಟ್ಟರೆ ಚೆಂಡಿನ ಹಾಗೆ ಪುಟಿಯುತ್ತದೆ, ಮೆತ್ತಗಾದದ್ದು ಪುಟಿಯುವುದಿಲ್ಲ. ಮೆತ್ತಗಿನದನ್ನು ಅವರೇ ಬೇರೆ ಇಡಲಿ.

ಒಲೆಯ ಕೆಲಸ ನಿಮ್ಮದು. ಮೂರು ಚಮಚ ಎಣ್ಣೆಗೆ ಸಾಸಿವೆ, ಇಂಗು, ಅರಿಸಿನ. ಹಣ್ಣು, ಉಪ್ಪು ಹಾಕಿ ಮುಚ್ಚಿ. ಟಪ್ ಟಪ್ ಎಂದು ಒಡೆಯುತ್ತವೆ, ಸಿಡಿಯುತ್ತದೆ, ಮಕ್ಕಳು ದೂರ ನಿಂತು ಕೇಳಲಿ. ಹತ್ತು ನಿಮಿಷದಲ್ಲಿ ಮೆತ್ತಗಾದ ಮೇಲೆ ಮುಕ್ಕಾಲು ಬಟ್ಟಲು ಬೆಲ್ಲ, ಎರಡು ಚಿಕ್ಕ ಚಮಚ ಖಾರದ ಪುಡಿ, ಚಿಟಿಕೆ ಹುರಿದ ಮೆಂತ್ಯದ ಪುಡಿ. ಹುಣಸೆಹಣ್ಣು ಬೇಡವೇ ಬೇಡ, ಹಣ್ಣೇ ಅಷ್ಟು ಹುಳಿ. ಖಾರ ಹಾಕುವ ಮುಂಚೆ ಮಕ್ಕಳ ಪಾಲು ತೆಗೆದಿಡಿ.

ಬೇರೆಯವರ ಮನೆಗೆ ಊಟಕ್ಕೆ ಹೋಗುವ ಸಸ್ಯಾಹಾರಿಗಳಿಗೆ ಒಂದು ಮಾತು: ಗೆಣಸಿನ ಮೇಲಿನ ಮಾರ್ಶ್‌ಮೆಲೋದಲ್ಲಿ ಸಾಮಾನ್ಯವಾಗಿ ಪ್ರಾಣಿಗಳಿಂದ ತೆಗೆದ ಜೆಲಟಿನ್ ಇರುತ್ತದೆ. ಸ್ಟಫಿಂಗ್ ಎಂಬ ಬ್ರೆಡ್ಡಿನ ತಿನಿಸನ್ನು ಹೆಚ್ಚಾಗಿ ಕೋಳಿಯ ಸಾರಿನಲ್ಲಿ ಮಾಡಿರುತ್ತಾರೆ. ಮೊದಲೇ ಕೇಳಿ, ಯಾರೂ ತಪ್ಪು ತಿಳಿಯುವುದಿಲ್ಲ. ಒಂದು ಡಬ್ಬಿ ಚಿತ್ರಾನ್ನ ತೆಗೆದುಕೊಂಡು ಹೋಗಿ.

ಬುಧವಾರ ಮತ್ತು ಗುರುವಾರ

ಬುಧವಾರದೊಳಗೆ ಥ್ಯಾಂಕ್ಸ್ ಕಾರ್ಡುಗಳು ಕೈ ಸೇರಬೇಕು. ಎಲೆಗಳಲ್ಲಿ ಯಾರ ಹೆಸರು ಬಂದಿದೆಯೋ ಅವರಿಗೇ ಕೊಡಿ. ಬಸ್ ಓಡಿಸುವವರು, ಲೈಬ್ರರಿಯವರು, ಕಸದ ಲಾರಿಯವರು, ಅಂಚೆಯವರು. ಮಗು ಉಜ್ಜಿದ ಎಲೆಯ ಚಿತ್ರವನ್ನು ಮಡಿಸಿ ಒಳಗೆ ಅದರ ಮಾತನ್ನೇ ಬರೆದರೆ ಕಾರ್ಡ್ ಆಯಿತು. ಅಂಚೆಯವರಿಗೆ ನಗದು ಕೊಡಬೇಡಿ, ಅವರು ತೆಗೆದುಕೊಳ್ಳುವಂತಿಲ್ಲ. ಕಾರ್ಡ್ ಸಾಕು, ಬೇಕಾದರೆ 20 ಡಾಲರಿನೊಳಗಿನ ಸಣ್ಣ ಉಡುಗೊರೆ. ಇಲ್ಲದವರಿಗೆ ಆಹಾರ ಹಂಚುವ ಫುಡ್ ಬ್ಯಾಂಕಿಗೆ ಕೊಡುವ ರೂಢಿ ಇಟ್ಟುಕೊಂಡರೆ ಡಬ್ಬಿಯನ್ನು ಮಕ್ಕಳೇ ಅಂಗಡಿಯಲ್ಲಿ ಆರಿಸಲಿ, ಅವರೇ ಎತ್ತಿಕೊಂಡು ಹೋಗಿ ಕೊಡಲಿ. ನನ್ನ ಮಗ ತನಗೆ ತುಂಬಾ ಇಷ್ಟದ ಅನಾನಸ್ ಡಬ್ಬಿ ಆರಿಸುತ್ತಾನೆ.

ಗುರುವಾರ ಬೆಳಗ್ಗೆ ಮೊದಲ ಕೆಲಸ ಊರಿಗೆ ವಿಡಿಯೋ ಕಾಲ್. ನ್ಯೂಯಾರ್ಕ್ ಕಡೆ ಬೆಳಗ್ಗೆ 9 ಅಂದರೆ ಊರಲ್ಲಿ ಸಂಜೆ 7:30. ಕ್ಯಾಲಿಫೋರ್ನಿಯಾದವರು 7ಕ್ಕೇ ಮಾಡಬೇಕು, ಆಗ ಅಲ್ಲಿ ರಾತ್ರಿ 8:30. ಮಕ್ಕಳು ಮರದಿಂದ ಅಜ್ಜಿ ತಾತನ ಹೆಸರಿರುವ ಎಲೆ ಬಿಚ್ಚಿ ಓದಿ ಹೇಳಲಿ. ಥ್ಯಾಂಕ್ಸ್ ಅನ್ನುವ ಪದ ಬೇಕಿಲ್ಲ. "ಅಜ್ಜಿ, ನೀನು ಫೋನಲ್ಲಿ ನರಿ ಕಥೆ ಹೇಳಿದ್ದು ಬರೆದಿದೀನಿ" ಅಂದರೆ ಸಾಕು.

ಆಮೇಲೆ ಟಿವಿಯಲ್ಲಿ ನ್ಯೂಯಾರ್ಕಿನ ಮೇಸೀಸ್ ಎಂಬ ದೊಡ್ಡ ಅಂಗಡಿಯವರ ಮೆರವಣಿಗೆ. 1924ರಲ್ಲಿ ಶುರುವಾದದ್ದು, ದೊಡ್ಡ ದೊಡ್ಡ ಬಲೂನುಗಳಿಗೆ ಹೆಸರಾದದ್ದು. ನೀವು ಅಡುಗೆ ಮಾಡುವಷ್ಟು ಹೊತ್ತು ಮಕ್ಕಳು ನೋಡುತ್ತಾರೆ. ಟರ್ಕಿ ಟ್ರಾಟ್ ಎಂಬ ಓಟ ಎಷ್ಟೋ ಊರುಗಳಲ್ಲಿ ಇರುತ್ತದೆ, ಬಫಲೋ ನಗರದ್ದು 1896ರಿಂದ ನಡೆಯುತ್ತಿದೆ. ಹಲವೆಡೆ ಮಕ್ಕಳಿಗೆಂದೇ ಸಣ್ಣ ಓಟ ಇಟ್ಟಿರುತ್ತಾರೆ. ಚಳಿಗೆ ಹೆದರದವರು ಹೋಗಿ. ನಾವು ಊಟ ಆದ ಮೇಲೆ ಬೀದಿ ಸುತ್ತಿ ಬರುತ್ತೇವೆ, ಅಷ್ಟೇ.

ಶುಕ್ರವಾರ ಸೇಲ್‌ಗೆ ಹೊರಡುವ ಮುಂಚೆ ಎಲ್ಲ ಎತ್ತಿಡಿ. ಮರದ ಎಲೆಗಳನ್ನು ಬಿಚ್ಚಿ ಒಂದು ಲಕೋಟೆಗೆ ಹಾಕಿ ಮೇಲೆ ವರ್ಷ ಬರೆಯಿರಿ. ಕೊಂಬೆಗಳನ್ನು ಹಿತ್ತಲಿಗೆ ಹಾಕಿ. ಅಂಗೈ ಟರ್ಕಿಗಳಲ್ಲಿ ಒಂದನ್ನು ಮಾತ್ರ ಇಟ್ಟುಕೊಳ್ಳಿ, ಉಳಿದದ್ದರ ಫೋಟೊ ತೆಗೆದರೆ ಸಾಕು. ಪಂಚೆಯನ್ನು ಹಿಂದುಮುಂದು ಮಾಡಿ ಒಂದು ಸಲ ಬಿಸಿ ಇಸ್ತ್ರಿ ಹಾಕಿ, ಶಾಯಿ ನಿಲ್ಲುತ್ತದೆ. ಆಮೇಲೆ ತಣ್ಣೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಮಡಿಸಿ, ಮುಂದಿನ ವರ್ಷ ಕೈಗೆ ಸಿಗುವ ಕಡೆ ಇಡಿ. ನಮ್ಮದು ದಸರಾ ಗೊಂಬೆಗಳ ಪೆಟ್ಟಿಗೆಯಲ್ಲಿದೆ, ಪಟ್ಟದ ಗೊಂಬೆಗಳ ಮೇಲೆ ಹೊದಿಸಿದ ಹಾಗೆ.